ಕೊನೆಯ ಸಾಲಿನ ಕ್ಯಾಚರ್

ಹಬ್ಬಕ್ಕೆ ಇನ್ನೂ ವಾರವಿದೆ ಎನ್ನುವಾಗ ಕಚಾವ್ ಕೆಂಪು ರೇಷ್ಮೆಯ ಹೂವೊಂದನ್ನು ಹಿಡಿದುಕೊಂಡು ದೋಂಗಿಯ ಮನೆಗೆ ಬಂದ. ಎದೆಗೆ ಸಿಕ್ಕಿಸಿಕೊಳ್ಳುವ ಹೂವು ಅದು. ಇಳಿಬಿದ್ದ ಪಟ್ಟಿಯ ಮೇಲೆ ಚಿನ್ನದ ಬಣ್ಣದಲ್ಲಿ ‘ಗಣ್ಯ ಅತಿಥಿ’ ಎಂದು ಅಚ್ಚಾಗಿತ್ತು. ದೋಂಗಿಯ ತಮ್ಮ ಲೆಕಾಲ್ ಅಂಗಳದಲ್ಲಿ ಕೂತು ಕಾಂಕ್ರೀಟ್ ಸುರಿಯಲು ಬಳಸಿದ್ದ ಮರದ ಹಲಗೆಗಳಿಂದ ಹಳೆಯ ಮೊಳೆ ಕೀಳುತ್ತಿದ್ದ.

“ಪಟ್ಟಣದ ಅಧ್ಯಕ್ಷರು ಈ ಕಡೆ, ಮೀನುಗಾರರ ಸಂಘದವರು ಆ ಕಡೆ, ನಡುವೆ ನೀನು,” ಎಂದ ಕಚಾವ್. “ಶಾಮಿಯಾನದ ಕೆಳಗೆ, ಫ್ಯಾನಿನ ಎದುರಿಗೇ. ಹಳೇ ಜರ್ಸಿ ಹಾಕ್ಕೊಂಡು ಬಂದ್ಬಿಡು. ಫೋಟೋಗೆ ಚೆನ್ನಾಗಿರುತ್ತೆ.”

ಲೆಕಾಲ್‌ಗೆ ಮೊದಲು ಖುಷಿಯೇ ಆಯಿತು, ಸುಳ್ಳೇಕೆ ಹೇಳಬೇಕು. ಹಿಂದಿನ ಚಳಿಗಾಲದ ಹೊತ್ತಿಗೆ ಬೇಸ್‌ಬಾಲ್ ತಂಡ ಅವನನ್ನು ಕೈಬಿಟ್ಟಿತ್ತು. ಊಟದ ಕೊನೆಗೆ ಕರಿಬೇವನ್ನು ಎಲೆಯ ಅಂಚಿಗೆ ಸರಿಸುತ್ತಾರಲ್ಲ, ಹಾಗೆ. ಮೇಲಿನ ಮಹಡಿಗೆ ಕರೆಸಿ ಚಹಾ ಕೊಟ್ಟು, ಇಷ್ಟು ವರ್ಷ ದುಡಿದದ್ದಕ್ಕೆ ವಂದನೆ ಹೇಳಿದರು. ಅವನು ಕೆಳಗಿಳಿದು ಬರುವಷ್ಟರಲ್ಲಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನ ಕಪಾಟಿನ ಮೇಲಿದ್ದ ಹೆಸರಿನ ಪಟ್ಟಿಯನ್ನು ಯಾರೋ ಕಿತ್ತಾಗಿತ್ತು. ಅಂಟು ಇನ್ನೂ ಹಸಿಯಾಗಿತ್ತು. ಆಮೇಲೆ ಅವನನ್ನು ಯಾರಾದರೂ ಗಣ್ಯ ಎಂದದ್ದು ಇದೇ ಮೊದಲು.

ದೋಂಗಿ ಮಾತ್ರ ಸಾರಿನ ಸೌಟು ಹಿಡಿದೇ ಹೊರಗೆ ಬಂದಳು.

“ಅತಿಥಿ! ನನ್ನ ತಮ್ಮ ಈ ಊರಿಗೆ ಅತಿಥಿ! ಅವನ ಹೆರಿಗೆ ಮಾಡಿಸಿದ ಮುದುಕಿ ಇನ್ನೂ ಬದುಕಿದ್ದಾಳೆ ಕಣೋ ಕಚಾವ್. ಹೋಗಿ ಕೇಳು, ಅವಳು ಕೊಯ್ದದ್ದು ಅತಿಥಿಯ ಹೊಕ್ಕುಳಬಳ್ಳಿನಾ ಅಂತ.”

“ಕೋಪ ಮಾಡ್ಕೋಬೇಡ ಅಕ್ಕ. ಕುಣಿತದ ಸುತ್ತಿನಲ್ಲಿ ಅವನಿಗೆ ಜಾಗ ಎಲ್ಲಿದೆ? ನೀನೇ ತೋರಿಸು.”

ದೋಂಗಿ ಸೌಟು ಕೆಳಗಿಳಿಸಿದಳು. ಜಾಗ ಇರಲಿಲ್ಲ.

ತೈಪೆಗೆ ದೂರದ ಈ ಕಡಲೂರು ಚಿರೊಹಾಯ್‌ನಲ್ಲಿ ಮನೆ ಹೆಂಗಸರದು. ಗಂಡಸಿಗೆ ಇರುವುದು ಸಾಲು; ಹಬ್ಬದ ಕುಣಿತಕ್ಕೂ ಆ ಸಾಲಿನಲ್ಲೇ ನಿಲ್ಲಬೇಕು. ಒಂದೇ ವಯಸ್ಸಿನ ಹುಡುಗರು ಒಂದು ಬೇಸಿಗೆಯಲ್ಲಿ ಒಟ್ಟಿಗೆ ಕೊನೆಯ ಸಾಲಿಗೆ ಸೇರುತ್ತಾರೆ. ಹಿರಿಯರಿಗೆ ನೀರು, ಸೌದೆ, ಮದ್ಯ ಹೊರುತ್ತಾ, ಬೈಸಿಕೊಳ್ಳುತ್ತಾ, ಏಟು ತಿನ್ನುತ್ತಾ ಕೆಲವು ವರ್ಷ ಕಳೆದ ಮೇಲೆ ಆ ಸಾಲಿಗೊಂದು ಹೆಸರು ಸಿಗುತ್ತದೆ. ಆ ವರ್ಷ ಊರಿನಲ್ಲಿ ನಡೆದ ದೊಡ್ಡ ಸಂಗತಿಯೇ ಹೆಸರು. ಮನೆಗಳಿಗೆ ದೀಪ ಬಂದ ವರ್ಷದ ಮುದುಕರದು ಕರೆಂಟು ಸಾಲು. ಲೆಕಾಲ್‌ನ ಓರಗೆಯವರದು ಬಿರುಗಾಳಿ ಸಾಲು. ಕಚಾವ್ ಅದರ ಮುಖಂಡ. ಸಾಯುವವರೆಗೂ ಅದೇ ಸಾಲು, ಸತ್ತ ಮೇಲೆ ಹೆಣ ಹೊರುವುದೂ ಅದೇ ಸಾಲು. ಲೆಕಾಲ್‌ನನ್ನು ಮೀಸೆ ಮೂಡುವ ಮೊದಲೇ ತರಬೇತುದಾರನೊಬ್ಬ ವ್ಯಾನಿನಲ್ಲಿ ಹತ್ತಿಸಿಕೊಂಡು ಬೆಟ್ಟದ ಆಚೆಗಿನ ಶಾಲೆಗೆ ಒಯ್ದಿದ್ದ. ಹಬ್ಬ ಬರುವುದು ಕಡುಬೇಸಿಗೆಯಲ್ಲಿ, ಪಂದ್ಯಗಳು ನಡೆಯುವುದೂ ಕಡುಬೇಸಿಗೆಯಲ್ಲಿ. ಒಂದು ವರ್ಷವೂ ಅವನಿಗೆ ಬರಲಾಗಲಿಲ್ಲ.

“ನಾವು ಸೌದೆ ಹೊತ್ತು ಹೆಗಲು ಕಿತ್ತುಕೊಂಡಾಗ ನೀನು ಟಿವಿಯಲ್ಲಿ ಚೆಂಡು ಹಿಡೀತಿದ್ದೆ,” ಎಂದ ಕಚಾವ್. ಅವನ ದನಿಯಲ್ಲಿ ನಗು ಇರಲಿಲ್ಲ. “ಆ ವ್ಯಾನಿನ ಹಿಂದೆ ನಾನೂ ಓಡಿದ್ದೆ ಲೆಕಾಲ್. ನಿನ್ನನ್ನು ಹತ್ತಿಸಿಕೊಂಡರು, ನನ್ನನ್ನು ಬಿಟ್ಟರು. ಈಗ ಅವರು ಬಿಟ್ಟರು ಅಂತ ನಮ್ಮ ಸಾಲಿಗೆ ನುಗ್ತೀನಿ ಅಂದ್ರೆ ಆಗಲ್ಲ. ಕುರ್ಚಿ ಕೊಟ್ಟಿದೀವಿ. ಮರ್ಯಾದೆಯಾಗಿ ಕೂತ್ಕೋ.”

ಹೂವನ್ನು ಹಲಗೆಯ ಮೇಲಿಟ್ಟು ಅವನು ಹೋದ.

ಜೊತೆಯ ಆಟಗಾರರೆಲ್ಲ ಏನಾದರೆಂದು ಲೆಕಾಲ್‌ಗೆ ಗೊತ್ತಿತ್ತು. ಒಬ್ಬ ಜೀವವಿಮೆ ಮಾರುತ್ತಿದ್ದ. ಹಳೆಯ ಅಭಿಮಾನಿಗಳು ಅವನೊಡನೆ ಫೋಟೋ ತೆಗೆಸಿಕೊಂಡು, ವಿಮೆ ಮಾತ್ರ ಇನ್ನೊಬ್ಬನ ಹತ್ತಿರ ಮಾಡಿಸುತ್ತಿದ್ದರು. ಒಬ್ಬ ದನದ ಮಾಂಸದ ನೂಡಲ್ಸ್ ಅಂಗಡಿ ಇಟ್ಟು, ಗೋಡೆಯ ಮೇಲೆ ತನ್ನದೇ ಚಿತ್ರ ತೂಗುಹಾಕಿ, ಅದರ ಕೆಳಗೆ ಬಟ್ಟಲು ತೊಳೆಯುತ್ತಿದ್ದ. ತೈಪೆಯಲ್ಲಿ ಆಗಿದ್ದ ಲೆಕಾಲ್‌ನ ಮದುವೆ ತೈಪೆಯಲ್ಲೇ ಮುರಿದಿತ್ತು. ಎಲ್ಲರೂ ‘ಮಾಜಿ’ಗಳು. ಸಾಯುವವರೆಗೆ ಮಾಜಿಯಾಗಿರುವುದೂ ಒಂದು ಉದ್ಯೋಗವೇ? ಅವನಿಗೆ ರೇಗಿಹೋಯಿತು. ಹೂವನ್ನು ಅಕ್ಕನ ಕೋಳಿಗೂಡಿನ ಬಾಗಿಲಿಗೆ ಸಿಕ್ಕಿಸಿ, ನಮೋಹ್ ಅಜ್ಜನ ಮನೆಗೆ ನಡೆದ.

ನಮೋಹ್ ಕರೆಂಟು ಸಾಲಿನವನು, ಊರಿನ ಹಿರಿಯರಿಗೆಲ್ಲ ಹಿರಿಯ. ಬೆತ್ತದ ಎಳೆ ತಿರುಳಿನ ಕಹಿ ಸಾರನ್ನು ಸೊರಸೊರ ಕುಡಿಯುತ್ತಾ ಎಲ್ಲ ಕೇಳಿಸಿಕೊಂಡ.

“ಬಾಗಿಲು ಇರೋದು ಒಂದೇ ಕಣೋ ಮಗ. ಅದು ಕೆಳಗಡೆ ಇದೆ.”

“ಬಗ್ಗಿಯೇ ಬರ್ತೀನಿ ಅಜ್ಜ.”

“ಬಗ್ಗಿ ಒಳಗೆ ಬಂದ್ಮೇಲೆ ಅಲ್ಲಿಂದ ಮೇಲಕ್ಕೆ ಹಾರೋ ಹಾಗಿಲ್ಲ. ಈಗಿನ ಕೊನೆ ಸಾಲು ಅಂದ್ರೆ ಇನ್ನೂ ಗಡ್ಡ ಬರದ ಹೈಕಳು, ಈ ಹಬ್ಬದಲ್ಲಿ ಹೆಸರು ಪಡೆಯೋರು. ಸಾಯೋತನಕ ನೀನು ಅವರ ಜೊತೆ. ಕಚಾವ್ ಹೇಳಿದ್ದು ಕೇಳ್ಬೇಕು, ಅವನ ಲೋಟಕ್ಕೆ ಮದ್ಯ ಬಗ್ಗಿಸ್ಬೇಕು. ಹಿರಿಯರ ಮುಂದೆ ಬಾಯಿ ಬಿಡೋ ಹಾಗಿಲ್ಲ. ಕುರ್ಚಿ ಸುಖ ಅಲ್ವೇನೋ?”

“ಸುಖ ಇರಬಹುದು. ಕುರ್ಚಿ ಸತ್ತವನ ಹೆಣ ಹೊರುತ್ತಾ?”

ಮುದುಕ ಬಟ್ಟಲು ಕೆಳಗಿಟ್ಟ. “ನಿಮ್ಮಮ್ಮನ ನಾಲಿಗೆ,” ಎಂದ. “ಅದನ್ನ ಮನೇಲಿಟ್ಟು ಬಾ.”

ಊರೆಲ್ಲ ನಕ್ಕಿತು. ಮೂವತ್ತು ದಾಟಿದ ಗಂಡಸು, ಪೇಪರಿನಲ್ಲಿ ಚಿತ್ರ ಬಂದವನು, ಬರಿಮೈಯಲ್ಲಿ ಹುಡುಗರ ಹಿಂದೆ ನೀರಿನ ಡ್ರಮ್ಮು ಹೊರುವುದನ್ನು ನೋಡಲು ಹೆಂಗಸರು ಬಾಗಿಲಿಗೆ ಬಂದರು. ಬಿರುಗಾಳಿ ಸಾಲಿನವರಿಗಂತೂ ಹಬ್ಬಕ್ಕೆ ಮೊದಲೇ ಹಬ್ಬ. ಮದ್ಯ ಬಗ್ಗಿಸುವವನು ಹಿರಿಯರ ಮುಂದೆ ಕುಕ್ಕರುಗಾಲಲ್ಲಿ ಕೂರಬೇಕು. ಅವನು ಕೂತಾಗಲೆಲ್ಲ ಯಾರಾದರೊಬ್ಬ, “ಕ್ಯಾಚರ್ ಸಾಹೇಬ್ರೇ, ಚೆಂಡು ಬರ್ತಾ ಇದೆ, ಹಿಡೀರಿ!” ಎಂದು ಅಡಿಕೆ ಚರಟ ಎಸೆಯುತ್ತಿದ್ದ. ಲೆಕಾಲ್ ಅದನ್ನೂ ಹಿಡಿದು, ಮತ್ತೆ ಅವನ ಲೋಟದ ಪಕ್ಕವೇ ಇಟ್ಟು ಏಳುತ್ತಿದ್ದ. ಏಳುವಾಗ ಮಂಡಿ ಲಟಕ್ ಎನ್ನುತ್ತಿತ್ತು. ಕ್ಯಾಚರ್ ಆಗಿ ಬ್ಯಾಟ್ ಹಿಡಿದವನ ಹಿಂದೆ ವರ್ಷಗಟ್ಟಲೆ ಕುಕ್ಕರುಗಾಲಲ್ಲಿ ಕೂತು ಅವನು ತಂಡದಿಂದ ಸಂಪಾದಿಸಿದ್ದು ಆ ಸದ್ದನ್ನೇ.

ನಗದೆ ಇದ್ದವರು ಅವನ ಸಾಲಿನ ಹುಡುಗರು ಮಾತ್ರ. ಅವರಿಗೆ ನಗಲು ಕಾರಣವಿರಲಿಲ್ಲ. ಒಬ್ಬನ ತಪ್ಪಿಗೆ ಇಡೀ ಸಾಲಿಗೆ ಶಿಕ್ಷೆ ಎಂಬುದು ಇಲ್ಲಿನ ಕಟ್ಟಳೆ. ಬೆಳಗ್ಗೆ ಕಡಲ ದಂಡೆಯ ಉರುಟುಗಲ್ಲುಗಳ ಮೇಲೆ ಬರಿಗಾಲಲ್ಲಿ ಓಡುವಾಗ ಲೆಕಾಲ್ ಹಿಂದೆ ಬಿದ್ದ. ಕಚಾವ್ ಎಲ್ಲರನ್ನೂ ಮತ್ತೆ ಓಡಿಸಿದ. ಅವನು ಮತ್ತೆ ಹಿಂದೆ ಬಿದ್ದ, ಮತ್ತೆ ಎಲ್ಲರೂ ಓಡಿದರು. ಹುಡುಗರ ಮುಂದಾಳು ಫುತಿಂಗ್ ಅಂಗಾಲಿನ ರಕ್ತ ಒರೆಸಿಕೊಳ್ಳುತ್ತಾ ಅವನ ಹತ್ತಿರ ಬಂದು ಕೂತ.

“ಮಾವ, ತಪ್ಪು ತಿಳ್ಕೋಬೇಡಿ. ನಿಮಗೆ ಕುರ್ಚಿ ಇದೆ. ನಮಗೆ ಇಲ್ಲ. ನಮ್ಮ ಕಾಲಲ್ಲಿ ನೀವ್ಯಾಕೆ ಶೋಕಿ ಮಾಡ್ತೀರಿ?”

ಲೆಕಾಲ್ ಆ ಹುಡುಗನ ಅಂಗಾಲು ನೋಡಿದ. ನಾಚಿಕೆಯಾಯಿತು. ಎದ್ದು ಹೋಗಿಬಿಡೋಣವೆನಿಸಿತು. ಆದರೆ ಹೋಗುವುದೆಲ್ಲಿಗೆ? ಶಾಮಿಯಾನಕ್ಕೆ. “ನಾಳೆ ನಿನಗಿಂತ ಮುಂದಿರ್ತೀನಿ,” ಎಂದಷ್ಟೇ ಹೇಳಿದ. ಮರುದಿನ ಮಂಡಿಗೆ ಬಟ್ಟೆ ಬಿಗಿದು, ಹಲ್ಲು ಕಚ್ಚಿ ಓಡಿದ. ಫುತಿಂಗ್‌ನನ್ನು ಹಿಂದೆ ಹಾಕಲಾಗಲಿಲ್ಲ, ಆದರೆ ಕೊನೆಯವನೂ ಆಗಲಿಲ್ಲ. ಊಟಕ್ಕೆ ಕೂತಾಗ ಅಂಟಕ್ಕಿಯ ಪೊಟ್ಟಣವೊಂದನ್ನು ಯಾರೋ ಅವನ ಕಡೆಗೆ ತಳ್ಳಿದರು.

ಹಬ್ಬದ ಕೊನೆಯ ಮಧ್ಯಾಹ್ನ ಹೆಸರಿಡುವ ಹೊತ್ತು. ಗಂಡಸರೆಲ್ಲ ಸಾಲುಸಾಲಾಗಿ ಬಯಲಲ್ಲಿ ನಿಂತಿದ್ದರು, ಕೊನೆಯ ಸಾಲು ಬಿಸಿಲಿನಲ್ಲಿ ಎಲ್ಲರಿಗೂ ಹಿಂದೆ. ಶಾಮಿಯಾನದ ಕೆಳಗೆ ಒಂದು ಕುರ್ಚಿಯನ್ನು ಖಾಲಿ ಬಿಟ್ಟೇ ಇದ್ದರು. ಪಟ್ಟಣದ ಅಧ್ಯಕ್ಷರು ಮೈಕು ಹಿಡಿದು, ಈ ಸಾಲಿಗೆ ಎಂಥ ಭಾಗ್ಯ, ಇಡೀ ದ್ವೀಪಕ್ಕೇ ಗೊತ್ತಿರುವ ಲಿನ್ ಅವರು ಇದರಲ್ಲಿದ್ದಾರೆ ಎಂದರು. ಲೆಕಾಲ್‌ನ ಜರ್ಸಿಯ ಬೆನ್ನಿಗಿದ್ದದ್ದು ಲಿನ್ ಎಂಬ ಚೀನೀ ಹೆಸರು. ಈ ಸಾಲನ್ನು ಬೇಸ್‌ಬಾಲ್ ಸಾಲು ಎಂದು ಕರೆದರೆ ಊರಿಗೇ ಕೀರ್ತಿ ಎಂದೂ ಹೇಳಿದರು. ಹಿರಿಯರು ತಲೆದೂಗಿದರು. ಕರೆಂಟು, ಬಿರುಗಾಳಿ ಎಲ್ಲ ಹೆಸರಾಗಿರುವಾಗ ಇದೂ ಆಗಬಾರದೇಕೆ? ನಮೋಹ್ ಎದ್ದು ನಿಂತು, ಹೆಸರು ಕೂಗಲು ಉಸಿರೆಳೆದುಕೊಂಡ.

“ಬೇಡ!”

ಗಂಡಸರೆಲ್ಲ ಹಿಂದಕ್ಕೆ ತಿರುಗಿ ನೋಡಿದರು. ಕೊನೆಯ ಸಾಲಿನಿಂದ ಮಾತು ಬಂದದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

“ಆ ಹೆಸರು ಬೇಡ ಅಜ್ಜ,” ಎಂದ ಲೆಕಾಲ್, ಇನ್ನೂ ಜೋರಾಗಿ. “ಆ ಆಟ ನನ್ನನ್ನ ಹನ್ನೆರಡು ವರ್ಷದವನಿದ್ದಾಗ ಈ ಊರಿಂದ ಕಿತ್ಕೊಂಡು ಹೋಯ್ತು. ರಸ ಹೀರಿ ಸಿಪ್ಪೆ ಉಗಿದು ವಾಪಸ್ ಕಳಿಸ್ತು. ಅದರ ಹೆಸರನ್ನ ಈ ಹುಡುಗರ ಹಣೆಗೆ ಸಾಯೋತನಕ ಅಂಟಿಸ್ತೀರಾ? ಕಲ್ಲಿನ ಮೇಲೆ ಓಡಿದ್ದು ಅವರು. ನೀರು ಹೊತ್ತಿದ್ದು ಅವರು. ನನ್ನ ಹೆಸರಲ್ಲಿ ಇವರು ಯಾಕೆ ಬದುಕಬೇಕು?”

ಅಧ್ಯಕ್ಷರು ಮೈಕಿನಲ್ಲೇ ನಕ್ಕರು. “ಎಷ್ಟು ವಿನಯ ನೋಡಿ ನಮ್ಮ ತಾರೆಗೆ! ಮಾತಾಡಲಿ, ಮಾತಾಡಲಿ. ಅವರಿಗೆಂಥ ಕಟ್ಟಳೆ?”

ಕಚಾವ್ ಕೂಡ ಕೈಯಾಡಿಸಿದ. ಕೊನೆಯ ಸಾಲನ್ನು ಶಿಕ್ಷಿಸುವ ಬೆತ್ತ ಅವನ ಸೊಂಟದಲ್ಲಿತ್ತು. ಅದನ್ನು ಮುಟ್ಟಲೂ ಇಲ್ಲ. “ಬಿಡಿ ಅಜ್ಜ. ಅವನು ಹೇಗಿದ್ರೂ ಅತಿಥಿ. ನಮ್ಮ ರೀತಿ ಅವನಿಗೇನು ಗೊತ್ತು? ಕ್ಷಮಿಸಿಬಿಡೋಣ.”

ಆ ಕ್ಷಮೆ ಲೆಕಾಲ್‌ನ ಎದೆಗೆ ಒದ್ದಂತಾಯಿತು. ಚಹಾ ಕೊಟ್ಟು ವಂದನೆ ಹೇಳಿದವರ ದನಿಯಲ್ಲೂ ಇದೇ ನಯವಿತ್ತು. ಈಗ ಸುಮ್ಮನಿದ್ದರೆ ಮುಗಿಯಿತು. ಎಷ್ಟು ನೀರು ಹೊತ್ತರೂ ಅವನು ಹೊರಗಿನವನೇ.

“ನನಗೆಲ್ಲ ಗೊತ್ತು,” ಎಂದ. “ಬಾಯಿ ಬಿಡಬಾರದು ಅಂತ ಗೊತ್ತಿದ್ದೇ ಬಿಟ್ಟೆ. ನಾನು ಅತಿಥಿ ಅಲ್ಲ. ತಪ್ಪು ಮಾಡಿದೀನಿ, ಹೊಡೀರಿ.”

ನಮೋಹ್ ಒಂದು ಹೆಜ್ಜೆ ಮುಂದೆ ಬಂದ. “ನಿನಗೊಬ್ಬನಿಗೇ ಹೊಡೆಯೋಕಾಗಲ್ಲ. ಅದು ನಿನಗೆ ಗೊತ್ತಾ?”

ಗೊತ್ತಿತ್ತು. ಕೋಪದಲ್ಲಿ ಮರೆತಿದ್ದ. ತಾನು ಯಾರಿಗಾಗಿ ಕೂಗಿದನೋ ಅವರ ಕಾಲಿಗೇ ಬೆತ್ತ ತಂದಿಟ್ಟಿದ್ದ. ಬೇಡ ಅಜ್ಜ, ನಾನು ಅತಿಥಿಯೇ ಎಂದುಬಿಟ್ಟರೆ ಹುಡುಗರು ಉಳಿಯುತ್ತಾರೆ. ಅವನು ಹಾಗೆ ಹೇಳಲೂ ಹೊರಟಿದ್ದ, ಆಣೆಯಾಗಿ ಹೊರಟಿದ್ದ.

ಅಷ್ಟರಲ್ಲಿ ಪಕ್ಕದಲ್ಲಿದ್ದ ಫುತಿಂಗ್ ಶಾಮಿಯಾನಕ್ಕೆ ಬೆನ್ನು ತಿರುಗಿಸಿ, ಕಾಲಿಗೆ ಕಟ್ಟಿದ್ದ ಹಬ್ಬದ ಪಟ್ಟಿಗಳನ್ನು ಬಿಚ್ಚಿ ಕೆಳಗೆ ಹಾಕಿದ. ಮೀನಖಂಡ ಬರಿದಾಯಿತು. ಅವನು ಯಾರನ್ನೂ ನೋಡಲಿಲ್ಲ, ಒಂದು ಮಾತನ್ನೂ ಆಡಲಿಲ್ಲ. ಕೊನೆಯ ಸಾಲು ಮಾತಾಡುವ ಹಾಗಿರಲಿಲ್ಲವಲ್ಲ. ಅವನ ಪಕ್ಕದವನು ತಿರುಗಿದ. ಆಮೇಲೆ ಅವನ ಪಕ್ಕದವನು. ಒಬ್ಬೊಬ್ಬರಾಗಿ ಹುಡುಗರೆಲ್ಲ ಬೆನ್ನು ತಿರುಗಿಸಿ, ಕೈಯನ್ನು ಮಂಡಿಗೆ ಊರಿ ಬಗ್ಗಿದರು.

“ಏನ್ರೀ ಇದು, ಫೋಟೋದವರಿದ್ದಾರೆ!” ಎಂದರು ಅಧ್ಯಕ್ಷರು.

“ಹೊಡಿಯೋ ಕಚಾವ್,” ಎಂದ ನಮೋಹ್. “ತಪ್ಪು ಮಾಡಿದವನಿಂದ ಶುರು ಮಾಡು.”

ಲೆಕಾಲ್ ತಿರುಗಿ ಬಗ್ಗಿದ. ಕಚಾವ್ ಬಂದ. ಬೆತ್ತ ಬಿತ್ತು, ನೊಣ ಓಡಿಸಿದಷ್ಟು ಮೆಲ್ಲಗೆ.

“ಇದು ಅತಿಥಿಗೆ ಹೊಡೆಯೋ ಏಟು,” ಎಂದ ಲೆಕಾಲ್, ತಲೆ ಎತ್ತದೆ. “ವ್ಯಾನಿನ ಹಿಂದೆ ಓಡಿದ್ದೆ ಅಂದ್ಯಲ್ಲ. ಆ ಸಿಟ್ಟು ಎಲ್ಲಿ ಹೋಯ್ತೋ? ಸರಿಯಾಗಿ ಹೊಡಿ.”

ಕಚಾವ್‌ನ ಉಸಿರು ಏರಿದ್ದು ಅವನಿಗೆ ಕೇಳಿಸಿತು. ಮುಂದಿನ ಏಟು ಮೀನಖಂಡದ ಚರ್ಮ ಸುಲಿಯಿತು. ಕಣ್ಣಲ್ಲಿ ನೀರು ಚಿಮ್ಮಿತು. ಆಮೇಲೆ ಬೆತ್ತ ಪಕ್ಕಕ್ಕೆ ಸರಿದು ಫುತಿಂಗ್‌ನ ಕಾಲಿಗೆ ಬಿದ್ದ ಸದ್ದು ಕೇಳಿತು. ಆ ಹುಡುಗ ಹಲ್ಲು ಕಚ್ಚಿದ, ಕದಲಲಿಲ್ಲ. ಲೆಕಾಲ್‌ಗೆ ತನ್ನ ಏಟಿಗಿಂತ ಅದು ಹೆಚ್ಚು ಉರಿಯಿತು. ತಂಡದಲ್ಲಿ ಅವನ ಕೊರಳಿಗೆ ಹಾರ ಬಿದ್ದಿತ್ತು, ಅವನ ಹೆಸರು ಹಿಡಿದು ಸಾವಿರಾರು ಜನ ಕೂಗಿದ್ದರು; ಅವನ ತಪ್ಪಿಗೆ ತನ್ನ ಕಾಲು ಕೊಟ್ಟವನು ಅಲ್ಲಿ ಒಬ್ಬನೂ ಇರಲಿಲ್ಲ. ಬೆತ್ತ ಸಾಲಿನ ಕೊನೆಯವರೆಗೂ ಹೋಯಿತು. ಯಾರೂ ಕದಲಲಿಲ್ಲ.

ನಮೋಹ್ ಹೆಸರು ಕೂಗಲು ಮತ್ತೆ ಬಾಯಿ ತೆರೆದ. “ಆ ಹೆಸರು ಬೇಡ,” ಎಂದು ಲೆಕಾಲ್ ಮತ್ತೆ ಕೂಗಿದ.

ಫುತಿಂಗ್ ಬಗ್ಗಿದಲ್ಲಿಂದಲೇ ಅವನ ಕಡೆ ತಿರುಗಿ, “ಅಯ್ಯೋ ನಿನ್ನ,” ಎಂದು ಪಿಸುಗುಟ್ಟಿದ; ಮಾವ ಎನ್ನುವುದನ್ನು ಮರೆತಿದ್ದ. ಕಚಾವ್ ಬೆತ್ತ ಹಿಡಿದು ಮತ್ತೆ ಮೊದಲಿನಿಂದ ಬರುತ್ತಿದ್ದ. ಹುಡುಗರೆಲ್ಲ ಕೈಯನ್ನು ಇನ್ನೂ ಗಟ್ಟಿಯಾಗಿ ಮಂಡಿಗೆ ಊರಿಕೊಂಡರು.