ತಾರಸಿಯ ಹಾಡಿಗೆ ಕೂಲಿ

ಕಟ್ಟಡದ ಕೆಲಸದಲ್ಲಿ ಎಲ್ಲೆಲ್ಲಿ ಕೂಲಿ ಪೋಲಾಗುತ್ತದೆ ಎಂಬುದು ನನ್ನ ಎಂ.ಎ. ಪ್ರಬಂಧದ ವಿಷಯ. ಅದಕ್ಕಾಗಿ ಐವತ್ತೇಳನೆಯ ಇಸವಿಯ ಬೇಸಿಗೆಯಲ್ಲಿ, ಸರಸ್ವತಿಪುರಂನಲ್ಲಿ ಏಳುತ್ತಿದ್ದ ಮನೆಯೊಂದರ ಮಾಳಿಗೆ ಹತ್ತಿ ಕೂತಿದ್ದೆ. ಅರ್ಥಶಾಸ್ತ್ರ ಓದಿದವಳಿಗೆ ಬಿಸಿಲು ತಾಗುವುದಿಲ್ಲ ಎಂದು ನಮ್ಮ ಪ್ರೊಫೆಸರರು ತಿಳಿದಿದ್ದರೋ ಏನೋ.

ಸುಣ್ಣದ ಗಾರೆ ಹಾಕಿದ ತಾರಸಿಯನ್ನು ಹೆಂಗಸರು ಸಾಲಾಗಿ ಕೂತು ಮರದ ಕೊಡತಿಯಲ್ಲಿ ಬಡಿಯುತ್ತಿದ್ದರು. ಪುಟ್ಟತಾಯಮ್ಮ ಮಾತ್ರ ಕೊಡತಿ ಮುಟ್ಟುತ್ತಿರಲಿಲ್ಲ. ಮುಂಗೈ ಮುರಿದ ಮೇಲೆ ಅವರ ಕೆಲಸ ಹಾಡುವುದೊಂದೇ. ಅವರು ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಸೊಲ್ಲು ಹೇಳುತ್ತಾ ಒಟ್ಟಿಗೆ ಬಡಿಯುತ್ತಿದ್ದರು. ಕೂಲಿ ಎಲ್ಲರಷ್ಟೇ.

ನನ್ನ ವಿಷಯ ಕೇಳಿದ್ದೇ ತಡ, ಕಂಟ್ರಾಕ್ಟರ್ ಗುರುಮಲ್ಲಪ್ಪನವರ ಕಣ್ಣು ಅರಳಿತು.

"ಮೊದ್ಲು ಈಯಮ್ಮನ್ನ ಬರ್ಕೊಳ್ಳಿ ಕಣಮ್ಮ. ಬರೀ ಬಾಯಿಗೆ ಕೂಲಿ ಕೊಡ್ತಾ ಇದೀನಿ! ನಾಳೆಯಿಂದ ಬೇಡ್ವೇ ಬೇಡ."

ನನಗೆ ರೇಗಿತು. ಪುಟ್ಟತಾಯಮ್ಮನ ಮನೆ ನಡೆಯುತ್ತಿದ್ದದ್ದೇ ಆ ಕೂಲಿಯಲ್ಲಿ.

"ನಾಳೆ ಒಂದು ದಿನ ಅವರು ಸುಮ್ಮನೆ ಕೂರಲಿ. ಕೆಲಸ ಸರಿಯಾಗಿ ಸಾಗಿದ್ರೆ ಆಮೇಲೆ ಬಿಡಿಸಿ" ಎಂದುಬಿಟ್ಟೆ. ಹೇಳಿದ ಮೇಲೆ ಯೋಚನೆ ಹತ್ತಿತು. ಸಾಗಿಯೇಬಿಟ್ಟರೆ?

ಮಾರನೆಯ ದಿನ ಪುಟ್ಟತಾಯಮ್ಮ ಮೂಲೆಯಲ್ಲಿ ಬಾಯಿ ಮುಚ್ಚಿ ಕೂತರು. ಒಂದು ಕೊಡತಿ ಏಳುವಾಗ ಇನ್ನೊಂದು ಬಿತ್ತು. ಸಾಲಿನಲ್ಲಿದ್ದ ಲಕ್ಷ್ಮಮ್ಮನ ಕೊಡತಿ ಪಕ್ಕದವಳದಕ್ಕೆ ತಾಗಿ ಜಗಳವೇ ಹತ್ತಿಕೊಂಡಿತು. ಗಾರೆ ಬಿಗಿಯುತ್ತಿತ್ತು, ಅಷ್ಟರೊಳಗೆ ಬಡಿದು ಮುಗಿಸದಿದ್ದರೆ ಮಳೆಗಾಲಕ್ಕೆ ಸೋರುವುದು ಖಂಡಿತ. ಗುರುಮಲ್ಲಪ್ಪನವರು ಶತಪಥ ಹಾಕಿದರು. ಪುಟ್ಟತಾಯಮ್ಮನನ್ನು ಕರೆಯಲು ಮನಸ್ಸು ಬರಲಿಲ್ಲ, ಕೊನೆಗೆ ತಾವೇ ಹಾಡತೊಡಗಿದರು. ಅವರಿಗೆ ಬರುತ್ತಿದ್ದದ್ದು ಅವರವ್ವ ಹಾಡುತ್ತಿದ್ದ ಜೋಗುಳ ಒಂದೇ.

ಹೆಂಗಸರು ಬಿಡುತ್ತಾರೆಯೇ? ತೊಟ್ಟಿಲು ತೂಗುವ ಹಾಗೆ ಕೊಡತಿಗಳನ್ನು ಮೆಲ್ಲಮೆಲ್ಲಗೆ ಇಳಿಸಿದರು. ಲಕ್ಷ್ಮಮ್ಮ ಜಗಳ ಮರೆತು ಪಕ್ಕದವಳ ಹೆಗಲಿಗೊರಗಿ ಗೊರಕೆ ಹೊಡೆದಳು. ಮಾಳಿಗೆ ತುಂಬ ನಗು. ಗುರುಮಲ್ಲಪ್ಪನವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನನ್ ಕೈಲಾಗಲ್ಲ ಕಣವ್ವ, ನೀನೇ ಹಾಡು. ನಿನ್ ಕೂಲಿ ತಂಟೆಗೆ ಇನ್ನು ಬರಲ್ಲ."

ಪುಟ್ಟತಾಯಮ್ಮ ಸೆರಗು ಕೊಡವಿ ಎದ್ದರು.

"ಹಾಡ್ತೀನಿ ಬುದ್ದಿ. ಬೆಳಗ್ಗಿಂದ ಸುಮ್ಕೆ ಕೂರ್ಸ್ಬುಟ್ರಲ್ಲ, ಈಗ ನೀವೇ ಹೇಳಿ. ನಾನು ಬಾಯಿ ಬುಟ್ರೆ ನಿಮಗೆ ನಷ್ಟವೋ, ಮುಚ್ಚಿದ್ರೆ ನಷ್ಟವೋ?"

ಉತ್ತರಕ್ಕೆ ಕಾಯದೆ ಹಾಡು ಎತ್ತಿಕೊಟ್ಟರು. ಕೊಡತಿಗಳೆಲ್ಲ ಒಟ್ಟಿಗೆ ಬಿದ್ದವು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. ಸೊಲ್ಲು ಹೇಳುವವರಲ್ಲಿ ಎಲ್ಲರಿಗಿಂತ ಜೋರು ದನಿ ಗುರುಮಲ್ಲಪ್ಪನವರದೇ.