ಬಣವೆ ಮೇಲಿನ ಫ್ಲೆಕ್ಸು

ನಮ್ಮ ಮನೆಯ ಹಿಂದಿನ ಹುಲ್ಲಿನ ಬಣವೆಗೆ ಮಳೆ ನೀರು ಇಳಿಯದಿರಲಿ ಅಂತ ಒಂದು ಫ್ಲೆಕ್ಸ್ ಹೊದಿಸಿದ್ದಾರೆ. ಅದರಲ್ಲಿರುವ ಮುಖ ನನ್ನದು.

ನಾನು ದಿವ್ಯ. ಆನವಟ್ಟಿ ಹತ್ತಿರದ ಹಳ್ಳಿಯವಳು. ಇದನ್ನು ಬರೆದುಕೊಡು ಅಂತ ಕೇಳಿದ್ದು ನಮ್ಮವ್ವ ಹೂವಮ್ಮ, ಅವಳ ಸ್ತ್ರೀಶಕ್ತಿ ಸಂಘದ ಮೀಟಿಂಗಿನಲ್ಲಿ ಓದುವುದಕ್ಕೆ. "ಸ್ವಲ್ಪ ಸಿಟ್ಟು ಕಮ್ಮಿ ಮಾಡ್ಕಂಡು ಬರಿ ಮಾರಾಯ್ತಿ" ಅಂದಳು. ಆಗುವುದಿಲ್ಲ ಅಂದೆ. ಸಿಟ್ಟು ತೆಗೆದುಬಿಟ್ಟರೆ ಇದರಲ್ಲಿ ಉಳಿಯುವುದೇನು?

ಮೂರು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿಯಲ್ಲಿ ನಾನು ನಮ್ಮ ಹೈಸ್ಕೂಲಿಗೇ ಮೊದಲು ಬಂದೆ. ಊರವರು ಬಸ್ ನಿಲ್ಲುವ ಜಾಗದಲ್ಲಿ ಫ್ಲೆಕ್ಸ್ ಕಟ್ಟಿಸಿದರು. 'ನಮ್ಮೂರ ಹೆಮ್ಮೆಯ ಪುತ್ರಿ, ಮುಂದಿನ ಭವಿಷ್ಯ ಉಜ್ವಲವಾಗಲಿ' ಅಂತ ದೊಡ್ಡ ಅಕ್ಷರ. ಕೆಳಗೆ ಶುಭ ಕೋರುವವರ ಫೋಟೋಗಳ ಸಾಲು. ನನ್ನ ಒಂದು ಮುಖಕ್ಕಿಂತ ಅವರ ಮುಖಗಳೇ ಹೆಚ್ಚು ಜಾಗ ತಿಂದಿದ್ದವು.

ನನಗೆ ದನದ ಡಾಕ್ಟರಾಗಬೇಕಿತ್ತು. ಕೊಟ್ಟಿಗೆಯಲ್ಲಿ ಯಾವ ಹಸುವಿಗೆ ಮೈ ಬಿಸಿಯಾಗಿದೆ, ಯಾವುದು ಮೇವು ಬಿಟ್ಟಿದೆ ಅನ್ನುವುದು ಅವ್ವನಿಗಿಂತ ಮೊದಲು ನನಗೆ ತಿಳಿಯುತ್ತಿತ್ತು. ಎಂಟನೇ ಕ್ಲಾಸಿನಿಂದಲೇ ಅಪ್ಪನಿಗೆ ಹೇಳುತ್ತಾ ಬಂದೆ. ಅಪ್ಪ ಶೇಷಪ್ಪನದು ಒಂದೇ ಉತ್ತರ: "ಮೊದ್ಲು ರಿಸಲ್ಟ್ ಬರ್ಲಿ, ಆಮೇಲೆ ನೋಡಾನ." ಒಂಬತ್ತರಲ್ಲಿ ಕೇಳಿದೆ, ನೋಡಾನ. ಹತ್ತರಲ್ಲಿ ಕೇಳಿದೆ, ನೋಡಾನ. ರಿಸಲ್ಟ್ ಬಂತು. ಎಲ್ಲರೂ ಫ್ಲೆಕ್ಸ್ ನೋಡಿದರು.

ಆಮೇಲೆ ಒಂದೊಂದೇ ಗೊತ್ತಾಯಿತು. ದನದ ಡಾಕ್ಟರಾಗಬೇಕಾದರೆ ಪಿಯುಸಿಯಲ್ಲಿ ಸೈನ್ಸ್ ಓದಬೇಕು, ಅದರಲ್ಲಿ ಬಯಾಲಜಿ ಇರಲೇಬೇಕು. ಸೈನ್ಸ್ ಅಂದರೆ ಪ್ರಾಕ್ಟಿಕಲ್ ಇರುತ್ತದೆ. ಪ್ರಾಕ್ಟಿಕಲ್ ಮುಗಿಯುವ ಹೊತ್ತಿಗೆ ನಮ್ಮೂರ ಕಡೆ ಬರುವ ಕೊನೇ ಬಸ್ಸು ಹೊರಟುಹೋಗಿರುತ್ತದೆ. ಹಾಸ್ಟೆಲಿನಲ್ಲಿ ಇರಬಹುದಿತ್ತು. ಹಾಸ್ಟೆಲಿಗೆ ಜಾತಿ ಪತ್ರ, ಆದಾಯ ಪತ್ರ ಬೇಕು. ನಾಡಕಚೇರಿಗೆ ಅಲೆದು ಅವನ್ನು ತರುವಷ್ಟರಲ್ಲಿ ಹಾಸ್ಟೆಲಿನ ಅರ್ಜಿ ಮುಗಿದೇ ಹೋಗಿತ್ತು. ಅಪ್ಪ ಸಪ್ಪಗೆ ಕೂತು, "ಆರ್ಟ್ಸಿಗೆ ಸೇರ್ಸಾನ ಬಿಡು, ಮಧ್ಯಾಹ್ನದ ಬಸ್ಸಿಗೆ ಮನೆಗೆ ಬರಬೌದು" ಅಂದ. ನನ್ನ ಓದನ್ನು ಆರಿಸಿದ್ದು ನಾನಲ್ಲ, ಅಪ್ಪನೂ ಅಲ್ಲ, ಒಂದು ಬಸ್ಸು.

ಆರ್ಟ್ಸ್ ಕೀಳು ಅಂತ ನಾನು ಹೇಳುತ್ತಿಲ್ಲ. ಈಗ ಶಿಕಾರಿಪುರದಲ್ಲಿ ಬಿಎ ಓದುತ್ತಿದ್ದೇನೆ. ನನ್ನ ಪಕ್ಕ ಕೂರುವ ಸಂಗೀತ ಟೀಚರ್ ಆಗಬೇಕು ಅಂತ ಒಂಬತ್ತನೇ ಕ್ಲಾಸಿನಲ್ಲೇ ಗಟ್ಟಿ ಮಾಡಿಕೊಂಡು ಬಂದವಳು. ಹಿಸ್ಟರಿ ಪಾಠ ಅಂದರೆ ಅವಳಿಗೆ ಹಬ್ಬ. ಅವಳು ಬೇಕು ಅಂತ ಬಂದು ಕೂತಿದ್ದಾಳೆ, ನಾನು ಬಸ್ಸು ಇಳಿಸಿದಲ್ಲಿ ಕೂತಿದ್ದೇನೆ. ಒಂದೇ ಬೆಂಚು, ಆದರೂ ಎಷ್ಟು ದೂರ.

ಇನ್ನು ಈ ವರ್ಷದ ಕಥೆ. ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮಾರನೇ ದಿನ ಬೆಳಿಗ್ಗೆ ನಾನು ದನಗಳಿಗೆ ಹುಲ್ಲು ಹಿರಿಯುತ್ತಿದ್ದೆ. ಯುವಕ ಸಂಘದ ಉದಯಣ್ಣ ಬೈಕಿನಲ್ಲಿ ಬಂದ. ಅಪ್ಪ ಜಗಲಿ ಮೇಲಿದ್ದ.

"ಶೇಷಪ್ಪಣ್ಣ, ಈ ಸಲ ಮಂಜಪ್ಪನ ಮಗ ಪ್ರದೀಪ ಫಸ್ಟ್ ಬಂದಾನೆ. ಫ್ಲೆಕ್ಸ್ ಹಾಕ್ಸ್ತಾ ಇದೀವಿ. ಶುಭ ಕೋರೋರ ಸಾಲಿಗೆ ನಿಂದೊಂದು ಫೋಟೋ ಕೊಡು."

"ಹಿಂದಿನ ಸಲದ್ದೇ ಐತಲ್ಲ, ಅದನ್ನೇ ಹಾಕು" ಅಂದ ಅಪ್ಪ. ಮುಖದ ತುಂಬ ಖುಷಿ. "ಇನ್ನೆರಡು ವರ್ಷಕ್ಕೆ ನಮ್ ತೃಪ್ತಿದೂ ಹಾಕ್ಸಾನ ಬಿಡು."

ತೃಪ್ತಿ ನನ್ನ ತಂಗಿ. ಎಂಟು ಮುಗಿಸಿ ಒಂಬತ್ತಕ್ಕೆ ಹೋಗುವವಳು. ನಾನು ಹುಲ್ಲು ಹಿಡಿದುಕೊಂಡೇ ಕೇಳಿದೆ, "ತೃಪ್ತಿಗೆ ಏನ್ ಓದ್ಬೇಕಂತೆ ಅಪ್ಪಾ?"

"ಈಗ್ಲೇ ಏನ್ ಅವಸರ? ಇನ್ನೂ ಎರಡು ವರ್ಷ ಐತೆ. ಮೊದ್ಲು ರಿಸಲ್ಟ್ ಬರ್ಲಿ, ಆಮೇಲೆ..."

ಆ ಮಾತು ಮುಗಿಯಲು ನಾನು ಬಿಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಹುಲ್ಲು ಅಲ್ಲೇ ಬಿಸಾಕಿ ಬಣವೆ ಹತ್ತಿದೆ. ಫ್ಲೆಕ್ಸ್ ಹಾರದಂತೆ ಇಟ್ಟಿದ್ದ ಹಳೇ ಟೈರು, ಕಲ್ಲು ಎಲ್ಲ ಕೆಳಗೆ ತಳ್ಳಿದೆ. ಫ್ಲೆಕ್ಸನ್ನು ಅಂಗಳಕ್ಕೆ ಎಳೆದು ತಂದು ಅವರಿಬ್ಬರ ಕಾಲ ಮುಂದೆ ಹಾಸಿದೆ. ಹಕ್ಕಿ ಹಿಕ್ಕೆ, ಧೂಳು, ಮೂಗಿನ ಹತ್ತಿರ ಒಂದು ತೂತು. ಆದರೂ ಅಕ್ಷರ ಓದಲು ಬರುತ್ತಿತ್ತು.

"ಇದೇನ್ ದಿವ್ಯಾ, ಬೆಳಿಗ್ಗೆ ಬೆಳಿಗ್ಗೆನೇ" ಅಂತ ಉದಯಣ್ಣ ನಗಲು ನೋಡಿದ.

"ಉದಯಣ್ಣ, ಇದ್ರಾಗೆ ಕಪ್ಪು ಕನ್ನಡಕ ಹಾಕ್ಕಂಡು ನಿಂತಿರೋದು ನೀನೇ ತಾನೆ? ನನ್ನ ಭವಿಷ್ಯ ಉಜ್ವಲ ಆಗ್ಲಿ ಅಂತ ಬರ್ಸಿದ್ಯಲ್ಲ. ಮುಂದೆ ಏನು ಓದ್ತೀಯ ಅಂತ ನನ್ನ ಒಂದ್ಸಲ ಕೇಳಿದ್ಯಾ?"

"ಅದು ಮನೆಯೋರು ನೋಡ್ಕಳೋ ವಿಷ್ಯ ಅಲ್ವೇನಮ್ಮ."

"ಸರಿ, ಮನೆಯೋರನ್ನೇ ಕೇಳ್ತೀನಿ." ಸಾಲಿನ ಕೊನೆಯಲ್ಲಿದ್ದ ಅಪ್ಪನ ಫೋಟೋ ಮೇಲೆ ಬೆರಳಿಟ್ಟೆ. "ಅಪ್ಪಾ, ಇದು ನೀನು. ಶುಂಠಿ ಹಾಕೋಕೆ ಬೀಜ ಯಾರ ಹತ್ರ ತರ್ಬೇಕು ಅಂತ ತಿಂಗಳುಗಟ್ಲೆ ಮುಂಚೆ ಹೇಳಿ ಇಡ್ತೀಯ. ಹಾಕೋ ದಿನ ಬೆಳಿಗ್ಗೆ ಎದ್ದು ಬೀಜ ಹುಡ್ಕಕ್ಕೆ ಹೋಗ್ತೀಯಾ? ನನ್ನ ವಿಷ್ಯದಾಗೆ ಹಂಗೇ ಮಾಡ್ದೆ."

ಅಪ್ಪನಿಗೂ ಸಿಟ್ಟು ಬಂತು. "ನಾನೇನ್ ಓದ್ದೋನಾ? ಈ ಸೈನ್ಸು ಪೈನ್ಸು ಎಲ್ಲ ನಂಗೆಲ್ಲಿ ಗೊತ್ತಾಗ್ಬೇಕು?"

"ಗೊತ್ತಿಲ್ದಿರೋದು ತಪ್ಪಲ್ಲಪ್ಪ. ಕೇಳ್ದೇ ಇದ್ದಿದ್ದು ತಪ್ಪು. ಹೈಸ್ಕೂಲು ಇಲ್ಲೇ ಐತೆ, ಮೇಷ್ಟ್ರು ಇಲ್ಲೇ ಇದಾರೆ. ಮೂರು ವರ್ಷದಾಗೆ ಒಂದ್ಸಲ ಹೋಗಿ, ನಮ್ಮ ಹುಡುಗಿ ಹಿಂಗಂತಾಳೆ, ಏನ್ ಮಾಡ್ಬೇಕು ಅಂತ ಕೇಳಿದ್ಯಾ?"

ಅವ್ವ ಒಳಗಿನಿಂದ ಬಂದಳು. "ಹೋಗ್ಲಿ ಬಿಡೇ, ಮುಗ್ದಿದ್ದು ಮುಗೀತು."

"ನಂದು ಮುಗೀತವ್ವಾ. ತೃಪ್ತಿದೂ ಹಿಂಗೇ ಮುಗೀಬೇಕಾ?"

ಅಪ್ಪ ಕೆಳಗೆ ಬಿದ್ದಿದ್ದ ತನ್ನದೇ ಫೋಟೋವನ್ನು ನೋಡುತ್ತಾ ಕೂತ. ಆಮೇಲೆ ಬಾಗಿಲಲ್ಲಿ ನಿಂತಿದ್ದ ತಂಗಿಯ ಕಡೆ ತಿರುಗಿ, "ತೃಪ್ತಿ, ನಿಂಗೇನ್ ಓದ್ಬೇಕಂತೈತೆ?" ಅಂದ. ನಮ್ಮ ಮನೆಯಲ್ಲಿ ಈ ಪ್ರಶ್ನೆ ಕೇಳಿದ್ದು ಅದೇ ಮೊದಲು.

ತೃಪ್ತಿ ನೆಲ ನೋಡುತ್ತಾ, "ಕರೆಂಟಿನ ಕೆಲ್ಸ" ಅಂದಳು.

ಸುಳ್ಳಲ್ಲ. ಬೋರಿನ ಸ್ಟಾರ್ಟರ್ ಕೆಟ್ಟಾಗ ವೈರ್‌ಮನ್ ಪಕ್ಕ ಕಣ್ಣು ಮಿಟುಕಿಸದೆ ನಿಲ್ಲುವವಳು ಅವಳು. ಮನೆಯ ಮಿಕ್ಸಿ, ಸ್ವಿಚ್ಚು ಎಲ್ಲ ಅವಳದೇ ರಿಪೇರಿ. ಅದು ನಮಗೆ ತಮಾಷೆಯಾಗಿತ್ತು ಅಷ್ಟೇ.

"ಹೆಣ್ಮಕ್ಳು ಕಂಬ ಹತ್ತದಾ?" ಅಂದ ಅಪ್ಪ.

"ಹತ್ತಿದ್ರೂ ತಪ್ಪಿಲ್ಲ" ಅಂದೆ. "ಪಾಲಿಟೆಕ್ನಿಕ್‌ನಾಗೆ ಎಲೆಕ್ಟ್ರಿಕಲ್ ಡಿಪ್ಲೊಮಾ ಐತೆ. ಎಸ್ಸೆಸ್ಸೆಲ್ಸಿ ಆದ್ಮೇಲೆ ನೇರ ಸೇರಬೌದು. ಅದು ಮುಗಿಸಿ ಬೇಕಾದ್ರೆ ಇಂಜಿನಿಯರಿಂಗೂ ಓದಬೌದು. ಆದ್ರೆ ಗಣಿತ, ವಿಜ್ಞಾನದಾಗೆ ಒಳ್ಳೆ ಅಂಕ ಇದ್ರೆ ಸೀಟು ಸುಲಭ."

ತೃಪ್ತಿಯ ಮುಖ ಸಣ್ಣಗಾಯಿತು. "ನಂಗೆ ಗಣಿತ ಬರಲ್ಲ ಅಕ್ಕ."

"ಅದಕ್ಕೇ ಈಗ ಕೇಳ್ಬೇಕು ಅನ್ನೋದು. ಹತ್ತನೇದು ಮುಗಿದ ಮೇಲೆ ಗಣಿತ ಕಲಿಯೋಕಾಗತ್ತಾ? ಎರಡು ವರ್ಷ ಐತೆ ಅಂದ್ಯಲ್ಲಪ್ಪ. ಆ ಎರಡು ವರ್ಷ ಇರೋದೇ ಇದಕ್ಕೆ."

ಅಪ್ಪ ಎದ್ದು ನಿಂತ. ನನಗೆ ಬಯ್ಯುತ್ತಾನೆ ಅಂದುಕೊಂಡೆ. ಅವನು ಉದಯಣ್ಣನ ಕಡೆ ತಿರುಗಿದ.

"ಉದಯ, ನನ್ನ ಫೋಟೋ ಹಾಕ್ಬ್ಯಾಡ. ಪ್ರದೀಪ ಮುಂದೆ ಏನು ಓದ್ತಾನಂತೆ, ಕೇಳಿದ್ಯಾ?"

ಉದಯಣ್ಣ ಕೇಳಿರಲಿಲ್ಲ. ಬೈಕ್ ಹತ್ತಿ ಮಂಜಪ್ಪನ ಮನೆ ಕಡೆಗೇ ಹೋದ.

ಶಾಲೆ ಶುರುವಾದ ವಾರ ಅಪ್ಪ ಬಿಳೀ ಅಂಗಿ ಹಾಕಿಕೊಂಡು ಹೈಸ್ಕೂಲಿಗೆ ಹೋಗಿ ಗಣಿತದ ಮೇಷ್ಟ್ರ ಮುಂದೆ ಕೂತು ಬಂದ. ತೃಪ್ತಿ ಈಗ ಸಂಜೆ ಅವರ ಹತ್ತಿರ ಉಳಿದು ಲೆಕ್ಕ ಮಾಡುತ್ತಾಳೆ. ಅಳುತ್ತಾ ಮಾಡುತ್ತಾಳೆ, ಆದರೂ ಮಾಡುತ್ತಾಳೆ. ದಸರಾ ರಜೆಯಲ್ಲಿ ಅವಳಿಗೆ ಪಾಲಿಟೆಕ್ನಿಕ್ ತೋರಿಸಿಕೊಂಡು ಬರುತ್ತೇನೆ. ಮನಸ್ಸು ಬದಲಾದರೆ ಬದಲಾಗಲಿ, ಅದಕ್ಕೂ ಈಗ ಸಮಯವಿದೆ. ಜಾತಿ, ಆದಾಯ ಪತ್ರದ ಕೆಲಸ ಅಪ್ಪನದು, ಹತ್ತನೇ ಪರೀಕ್ಷೆಗೆ ಮೊದಲೇ ಕೈಗೆ ಬರಬೇಕು ಅಂದಿದ್ದೇನೆ. ಹಾಸ್ಟೆಲಿಗೆ ಅರ್ಜಿ ಯಾವಾಗ ಬಿಡುತ್ತಾರೆ ಅಂತ ಅವ್ವ ಸಂಘದಲ್ಲಿ ವಿಚಾರಿಸುತ್ತಿದ್ದಾಳೆ. "ನೋಡಾನ" ಅನ್ನುವ ಮಾತು ಅಪ್ಪನ ಬಾಯಿಗೆ ಈಗಲೂ ಬರುತ್ತದೆ. ನಾನು ತಿರುಗಿ ನೋಡಿದರೆ ನುಂಗಿಕೊಳ್ಳುತ್ತಾನೆ.

ನನ್ನ ಸಿಟ್ಟು ಇಳಿಯಿತಾ ಅಂತ ಅವ್ವ ಕೇಳುತ್ತಾಳೆ. ಇಳಿದಿಲ್ಲ. ಕೊಟ್ಟಿಗೆಗೆ ಹೋದಾಗಲೆಲ್ಲ ಏರುತ್ತದೆ.

ಸಂಘದ ಅಕ್ಕಂದಿರೇ, ಅವ್ವಂದಿರೇ, ಜಗಲಿ ಮೇಲೆ ಕೂತು ಕೇಳಿಸಿಕೊಳ್ಳುತ್ತಿರುವ ಅಪ್ಪಂದಿರೇ, ನಿಮ್ಮ ಮನೆಯಲ್ಲಿ ಎಂಟನೇ ಕ್ಲಾಸಿನ ಮಗು ಇದ್ದರೆ ಇವತ್ತೇ ಹೋಗಿ ಕೇಳಿ, ನಿನಗೇನು ಇಷ್ಟ ಅಂತ. ಒಂಬತ್ತರಲ್ಲಿದ್ದರೆ ಆ ಇಷ್ಟದ ಕೆಲಸಕ್ಕೆ ಏನು ಓದಬೇಕು, ಯಾವ ವಿಷಯ ಗಟ್ಟಿ ಮಾಡಬೇಕು ಅಂತ ಮೇಷ್ಟ್ರನ್ನು ಕೇಳಿ. ಹತ್ತರಲ್ಲಿದ್ದರೆ ಪತ್ರ, ಅರ್ಜಿ, ಹಾಸ್ಟೆಲು, ಬಸ್ಸು ಎಲ್ಲ ಪರೀಕ್ಷೆಗೆ ಮೊದಲೇ ವಿಚಾರಿಸಿಡಿ. ನಿಮಗೆ ಓದು ಬರದಿದ್ದರೂ ಕೇಳಲು ಬಾಯಿದೆ. ರಿಸಲ್ಟ್ ಬರಲಿ ಅಂತ ಕಾಯಬೇಡಿ.

ಆ ಫ್ಲೆಕ್ಸನ್ನು ಅಪ್ಪ ಮತ್ತೆ ಬಣವೆಗೆ ಹೊದಿಸಿದ್ದಾನೆ. ಹುಲ್ಲು ನೆನೆಯಬಾರದಲ್ಲ. ಮುಖ ಒಳಗೆ ಮಾಡಿ ಹೊದಿಸಲು ಹೋದ, ನಾನೇ ಬೇಡ ಅಂದೆ. ದಾರಿಯಲ್ಲಿ ಹೋಗುವವರು ನೋಡಲಿ. ಈ ಊರಿನ ಬಣವೆಗೆ ನನ್ನ ಮುಖವೊಂದು ಸಾಕು, ನಿಮ್ಮ ಮಕ್ಕಳದು ಬೇಡ.