ಒಳಗಿರುವ ಅಕ್ಕ

ಮುಖ ಗುರುತಿಸುವ ಸೇವೆ ಒಬ್ಬರದು, ಗೇಟು ತೆಗೆಯುವ ಸೇವೆ ಇನ್ನೊಬ್ಬರದು, ಹಾಜರಿ ಹಾಕುವುದು ಮತ್ತೊಬ್ಬರದು. ಎಲ್ಲವೂ ಕ್ಲೌಡಿನಲ್ಲಿ ರೆಡಿಮೇಡ್ ಸಿಗುತ್ತವೆ. ಅವನ್ನು ಒಂದಕ್ಕೊಂದು ಜೋಡಿಸಿ ಮಾತ್ರೆ ಡಬ್ಬಿ ತುಂಬುವ ಕಾರ್ಖಾನೆಯ ಗೇಟಿಗೆ ಕೂರಿಸಿದೆ. ಮೂರು ತಿಂಗಳ ಕೆಲಸ ಒಂಬತ್ತೇ ದಿನಕ್ಕೆ ಮುಗಿಯಿತು. ಹಾಜರಿಯ ಭಾಗವನ್ನಾದರೂ ನಾನೇ ಬರೆಯುತ್ತೇನೆ, ಒಳಗೇನು ನಡೆಯುತ್ತದೆಂದು ನನಗೆ ತಿಳಿದಿರಬೇಕು ಎಂದು ಗೋಗರೆದಿದ್ದೆ.

"ಒಂಬತ್ತನೇ ಕ್ಲಾಸಿಗೇ ಕೈಮುಗಿದು ಬಂದೋನು ನೀನು," ಎಂದು ಕಾರ್ಖಾನೆಯ ಮ್ಯಾನೇಜರ್ ನಕ್ಕಿದ್ದ. "ದೊಡ್ಡೋರು ಬರೆದಿಟ್ಟಿದ್ದಾರೆ. ತಗೋ, ಅಂಟಿಸು, ಬಾಯ್ಮುಚ್ಕೊಂಡು ಮನೆಗೆ ಹೋಗು."

ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ನನ್ನ ಅಕ್ಕನೂ ಅಲ್ಲೇ ಡಬ್ಬಿ ತುಂಬುತ್ತಾಳೆ. ಹೊಸ ಗೇಟು ಎಲ್ಲರನ್ನೂ ಬಿಟ್ಟಿತು, ಅವಳೊಬ್ಬಳನ್ನು ಬಿಡಲಿಲ್ಲ. ಪರದೆಯ ಮೇಲೆ ಒಂದೇ ಸಾಲು: ಈ ವ್ಯಕ್ತಿ ಈಗಾಗಲೇ ಒಳಗಿದ್ದಾರೆ. ಬೆಳಿಗ್ಗೆ ಎಂಟರೊಳಗೆ ಗೇಟು ದಾಟಿದರಷ್ಟೇ ಹಾಜರಿ. ಮೂರು ದಿನ ದಾಟದಿದ್ದರೆ ಕೆಲಸ ಹೋಯಿತು. ಮೂರನೆಯ ಬೆಳಿಗ್ಗೆ ಅವಳು ನನ್ನನ್ನು ಗೇಟಿಗೆ ಎಳೆದು ತಂದಳು.

"ಊರೋರೆಲ್ಲ ಒಳಗೆ, ಒಡಹುಟ್ಟಿದೋಳು ಹೊರಗೆ! ಏನು ಕಡಿದು ಕಟ್ಟೆ ಹಾಕಿದ್ಯೋ ಮಹಾನುಭಾವ?"

ಲ್ಯಾಪ್‌ಟಾಪ್ ಬಿಚ್ಚಿ ನೋಡಿದೆ. ತಪ್ಪು ನನ್ನದೇ. ಪರೀಕ್ಷೆಗೆಂದು ಮೊಬೈಲಿನಲ್ಲಿದ್ದ ಅಕ್ಕನ ಫೋಟೋ ಕೊಟ್ಟು 'ಒಳಗೆ' ಒತ್ತಿದ್ದೆ. 'ಹೊರಗೆ' ಒತ್ತಲು ಮರೆತಿದ್ದೆ. ಇಷ್ಟೇನಾ ಎಂದು ಉಸಿರು ಬಿಡುವಷ್ಟರಲ್ಲಿ ಸೂಪರ್‌ವೈಸರ್ ಬಂದ. ಅಕ್ಕನನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ಅಲ್ಲಮ್ಮಾ, ಈಗ ತಾನೇ ಏಳನೇ ಮೇಜಲ್ಲಿ ಕೂತಿದ್ದೆಯಲ್ಲ! ಎರಡು ದಿನದಿಂದ ನೋಡ್ತಿದ್ದೀನಿ, ತಲೇನೇ ಎತ್ತಲ್ಲ, ಊಟಕ್ಕೂ ಏಳಲ್ಲ."

"ಬೆಳ್ಳಂಬೆಳಿಗ್ಗೆ ಏರಿಸ್ಕೊಂಡು ಬಂದ್ರಾ ಸಾರ್?" ಎಂದು ಅಕ್ಕ ರೇಗಿಸಿದಳು.

ಅವನು ಒಮ್ಮೆ ಒಳಗೆ, ಒಮ್ಮೆ ಅವಳತ್ತ ನೋಡಿದ.

ಹಾಜರಿ ಸೇವೆಯವರ ಸಹಾಯವಾಣಿಗೆ ಫೋನ್ ಮಾಡಿದೆ. ನಮ್ಮ ಕಡೆಯಿಂದ ಎಲ್ಲ ಸರಿಯಿದೆ ಎಂದಿತು ಒಂದು ತಣ್ಣನೆಯ ದನಿ. "ಹಾಗಾದ್ರೆ ಒಳಗೆ ಏನಿದೆ, ತೆರೆದು ತೋರ್ಸಿ!" ಎಂದು ಕಿರುಚಿದೆ.

"ಅದನ್ನ ತೆರೆಯೋಕೆ ನಮಗೂ ಬರಲ್ಲ ಸರ್."

ಎಂಟಕ್ಕೆ ಎರಡೇ ನಿಮಿಷ ಉಳಿದಿತ್ತು. "ಏನಾದ್ರೂ ಮಾಡೋ," ಎಂದಳು ಅಕ್ಕ. ಅವಳ ದನಿಯಲ್ಲಿ ತಮಾಷೆ ಬತ್ತಿತ್ತು. ನಾನು 'ಹೊರಗೆ' ಒತ್ತಿದೆ.

ಕಾರ್ಖಾನೆಯ ಹಿಂದಿನ ಬೀದಿಗಿರುವ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. ಮರುಕ್ಷಣವೇ ಮುಂದಿನ ಗೇಟು ಅಕ್ಕನಿಗೆ ತೆರೆಯಿತು. ನನ್ನ ಕಿವಿ ಹಿಂಡಿ ಅವಳು ಒಳಗೆ ಓಡಿದಳು. ಕಿಟಕಿಯ ಗಾಜಿನಲ್ಲಿ ಇಣುಕಿದೆ, ಏಳನೇ ಮೇಜು ಖಾಲಿಯಿತ್ತು. ಅವಳು ಹೋಗಿ ಕೂತಳು, ಕೂತವಳೇ ತಟ್ಟನೆ ಎದ್ದು ಕುರ್ಚಿ ಮುಟ್ಟಿ ನೋಡಿದಳು. ಅದು ಬೆಚ್ಚಗಿತ್ತೇನೋ.

ಗೇಟಿನ ಮೆಟ್ಟಿಲ ಮೇಲೆ ಕೂತೆ. ಅಲ್ಲಿಂದ ನಮ್ಮ ಮನೆಗೆ ಇಪ್ಪತ್ತು ನಿಮಿಷದ ನಡಿಗೆ. ಎಂಟೂ ಹದಿನೆಂಟಕ್ಕೆ ಅಮ್ಮನ ಫೋನು ಬಂತು.

"ಅಕ್ಕನಿಗೆ ಏನೋ ಅಂದೆ ನೀನು? ಚಪ್ಪಲಿ ಸಮೇತ ಒಳಗೆ ಬಂದು ಗೋಡೆಗೆ ಮುಖ ಮಾಡಿ ಕೂತವ್ಳೆ. ಯಾಕಮ್ಮಾ ಅಂದ್ರೆ, ಹೊರಗೆ ಹಾಕಿದೋನು ಅವನೇ, ಅವನೇ ಬರ್ಲಿ ಅಂತಾಳೆ."